ಈ ಬ್ರ್ಯಾಂಡಿನ ಫರ್ನಿಚರ್ ನಿಜಕ್ಕೂ ಎಲ್ಲಿ ತಯಾರಾಗುತ್ತದೆ? ಗೊತ್ತು ಮಾಡಿಕೊಳ್ಳುವುದು ಹೇಗೆ?

ಬಿಜೈ ಮನೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ಅಪ್ಪ ಅಮ್ಮನ ಮನೆಯ ರಿಪೇರಿ ಅಂತೂ ಮುಗಿಯಿತು. ಈಗ ಆರು ಕುರ್ಚಿಯ ಊಟದ ಮೇಜು, ಮೂರು ಬಾಗಿಲಿನ ಒಂದು ವಾರ್ಡ್‌ರೋಬ್ ಬೇಕು. ಭಾನುವಾರ ಪೇಟೆಯ ಒಂದು ದೊಡ್ಡ ಶೋರೂಮಿಗೆ ಹೋದೆವು. ಅಂಗಡಿಯ ಹೆಸರು ಹಾಕುವುದಿಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ.

ಬೋರ್ಡಿನಲ್ಲಿ ಇಟಲಿಯ ಹೆಸರು. ಸೇಲ್ಸ್ ಹುಡುಗನ ಹತ್ತಿರ "ಇದು ಎಲ್ಲಿ ಮಾಡಿದ್ದು?" ಅಂತ ಕೇಳಿದೆ. "ಇಟಲಿ ಮೇಡಂ" ಅಂದ. ಇನ್ನೊಮ್ಮೆ ಕೇಳಿದಾಗ "ಡಿಸೈನ್ ಇಟಲಿದು" ಅಂದ. ಮೂರನೇ ಸಲ ಮ್ಯಾನೇಜರೇ ಬಂದು "ಕಂಪನಿಯದ್ದೇ ಫ್ಯಾಕ್ಟರಿ ಉಂಟು" ಅಂದರು. ಎಲ್ಲಿ ಉಂಟು ಅಂದರೆ ಉತ್ತರ ಇಲ್ಲ. ನಾನೇ ಬಗ್ಗಿ ಮೇಜಿನ ಅಡಿ ನೋಡಿದೆ. ಸಣ್ಣ ಸ್ಟಿಕ್ಕರ್ ಇತ್ತು. "ಮಾರ್ಕೆಟೆಡ್ ಬೈ" ಅಂತ ಬರೆದು ಬೆಂಗಳೂರಿನ ಒಂದು ವಿಳಾಸ. ಅಷ್ಟೇ. ವೆಬ್‌ಸೈಟಿನಲ್ಲಿ ಪರಂಪರೆ, ಕುಶಲಕಲೆ ಅಂತ ಎರಡು ಪುಟ ಬರೆದಿದ್ದಾರೆ, ಊರಿನ ಹೆಸರು ಒಂದೂ ಇಲ್ಲ.

ಮೇಜಿಗೆ 64,000, ವಾರ್ಡ್‌ರೋಬಿಗೆ 48,000. ಅಮ್ಮನಿಗೆ ಮೇಜು ತುಂಬಾ ಇಷ್ಟವಾಯಿತು, ಹಾಗಾಗಿ 10,000 ಅಡ್ವಾನ್ಸ್ ಕೊಟ್ಟು ಬಂದೆ. ಮನೆಗೆ ಬಂದ ಮೇಲೆ ನಿದ್ದೆ ಇಲ್ಲ. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ತೆಗೆದುಕೊಳ್ಳುತ್ತಿರುವುದು. ಎಲ್ಲಿ ತಯಾರಾದದ್ದು ಅಂತ ನಾವೇ ಪತ್ತೆ ಮಾಡಲು ದಾರಿ ಉಂಟಾ?

ಕಂಕನಾಡಿ ಹುಡುಗ

ಎಲ್ಲಿ ಮಾಡಿದರೆ ಏನು ಅಕ್ಕ? ಗಟ್ಟಿ ಇದ್ದರೆ ಆಯ್ತು, ವಾರಂಟಿ ಇದ್ದರೆ ಆಯ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮಣಿಪಾಲ ಟೆಕ್ಕಿ

ಸುಲಭ ಉಂಟು. ಡಬ್ಬದ ಬಾರ್‌ಕೋಡ್ ನೋಡಿ. 890ರಿಂದ ಶುರುವಾದರೆ ನಮ್ಮ ದೇಶದಲ್ಲಿ ಮಾಡಿದ್ದು. 690ರಿಂದ 699ರ ತನಕ ಚೀನಾ. 955 ಮಲೇಷ್ಯಾ.

ಉಡುಪಿ ಲೆಕ್ಕಿಗ

ಟೆಕ್ಕಿಯವರೇ, ಇದು ತಪ್ಪು. ವಾಟ್ಸಾಪಿನಲ್ಲಿ ಓಡಾಡುವ ಮಾತು. ಆ ಮೂರು ಅಂಕಿ ಹೇಳುವುದು ಕಂಪನಿ ಬಾರ್‌ಕೋಡ್ ನಂಬರನ್ನು ಯಾವ ದೇಶದ ಜಿಎಸ್1 ಸಂಸ್ಥೆಯಿಂದ ಪಡೆದಿದೆ ಅಂತ ಮಾತ್ರ. ಬೆಂಗಳೂರಿನ ಕಂಪನಿ ಇಲ್ಲಿ ನೋಂದಣಿ ಮಾಡಿಸಿ, ಚೀನಾದಲ್ಲಿ ಮಾಡಿಸಿದ ಕುರ್ಚಿಗೂ 890 ಅಂಟಿಸಬಹುದು. ಬಾರ್‌ಕೋಡಿನಿಂದ ಫ್ಯಾಕ್ಟರಿ ಗೊತ್ತಾಗುವುದಿಲ್ಲ.

ಬಿಲ್ಲಿನ ಜಿಎಸ್‌ಟಿ ನಂಬರಿಗೂ ಸ್ವಲ್ಪ ಹೀಗೇ ಮಿತಿ ಉಂಟು. ಮೊದಲ ಎರಡು ಅಂಕಿ ರಾಜ್ಯದ್ದು. 29 ಕರ್ನಾಟಕ, 32 ಕೇರಳ, 33 ತಮಿಳುನಾಡು, 27 ಮಹಾರಾಷ್ಟ್ರ, 08 ರಾಜಸ್ಥಾನ. ಆದರೆ ಅದು ಮಾರಿದವನ ರಾಜ್ಯ, ಮಾಡಿದವನದ್ದಲ್ಲ. ಹಾಗಂತ ಪ್ರಯೋಜನ ಇಲ್ಲ ಅಂತಲ್ಲ. ಆ "ಮಾರ್ಕೆಟೆಡ್ ಬೈ" ಕಂಪನಿಯ ಜಿಎಸ್‌ಟಿ ನಂಬರ್ ಸಿಕ್ಕಿದರೆ ಜಿಎಸ್‌ಟಿ ವೆಬ್‌ಸೈಟಿಗೆ ಹೋಗಿ ಹಾಕಿ. ಲಾಗಿನ್ ಬೇಡ. ಅವರು ಯಾವ ಬಗೆಯ ವ್ಯವಹಾರ ಅಂತ ನೋಂದಾಯಿಸಿದ್ದಾರೆ ಅಂತ ಬರುತ್ತದೆ. ಫ್ಯಾಕ್ಟರಿ ಅಂತ ಉಂಟಾ, ಅಥವಾ ಗೋಡೌನ್, ಚಿಲ್ಲರೆ ಮಾರಾಟ, ಆಮದು ಅಂತ ಉಂಟಾ ನೋಡಿ. ಫ್ಯಾಕ್ಟರಿಯೇ ಇಲ್ಲದಿದ್ದರೆ "ಕಂಪನಿಯದ್ದೇ ಫ್ಯಾಕ್ಟರಿ" ಅನ್ನುವ ಮಾತಿಗೆ ಆಧಾರ ಕೇಳಬಹುದು.

ಮಣಿಪಾಲ ಟೆಕ್ಕಿ

ಸರಿ, ತಿದ್ದಿಕೊಂಡೆ. ನಾನು ಇಷ್ಟು ದಿನ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ.

ಕಾರ್ಕಳದ ಆಚಾರಿ

ಅಕ್ಕ, ನಾನು ಮರದ ಕೆಲಸದವನು. 26 ವರ್ಷ ಆಯಿತು. ಸ್ಟಿಕ್ಕರ್ ನಂಬುವ ಮೊದಲು ವಸ್ತುವಿನ ಹಿಂದೆ, ಅಡಿ, ಒಳಗೆ ನೋಡಿ. ಎದುರಿಗೆ ಎಲ್ಲರೂ ಚಂದ ಮಾಡುತ್ತಾರೆ.

ಮೇಜಿನ ಅಡಿಯಲ್ಲಿ ಪಾಲಿಶ್ ತೆಳು ಇರುತ್ತದೆ. ಅಲ್ಲಿ ಮರದ ತುಂಡುಗಳನ್ನು ಬೆರಳಿಗೆ ಬೆರಳು ಸಿಕ್ಕಿಸಿದ ಹಾಗೆ ಜೋಡಿಸಿದ ಗೆರೆ ಕಂಡರೆ, ಮರದ ಬಣ್ಣ ಬಿಳಿ-ಹಳದಿ ಇದ್ದರೆ, ಹೆಚ್ಚಾಗಿ ರಬ್ಬರ್ ಮರ. ಈಗ ಶೋರೂಮಿನಲ್ಲಿ ಸಿಗುವ ಊಟದ ಮೇಜು ಜಾಸ್ತಿ ಅದೇ. ಇಟಲಿಯಿಂದ ರಬ್ಬರ್ ಮರದ ಮೇಜು ಬರುವುದನ್ನು ನಾನಂತೂ ಕಂಡಿಲ್ಲ. ರಬ್ಬರ್ ಬೆಳೆಯುವುದೇ ನಮ್ಮ ಕಡೆ, ಕೇರಳದಲ್ಲಿ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಕಡೆ.

ವಾರ್ಡ್‌ರೋಬ್ ಪ್ಲೈವುಡ್ಡಿನದ್ದಾದರೆ ಪತ್ತೆ ಇನ್ನೂ ಸುಲಭ. ಪ್ಲೈ ಹಾಳೆಯ ಮೇಲೆ ಐಎಸ್‌ಐ ಗುರುತು ಒತ್ತಿರುತ್ತಾರೆ. ಗುರುತಿನ ಮೇಲೆ ಐಎಸ್ 303 ಅಥವಾ ಐಎಸ್ 710 ಅಂತ ಇರುತ್ತದೆ, ಅದು ಪ್ಲೈವುಡ್ಡಿನ ಗುಣಮಟ್ಟದ ನಂಬರ್. ಕೆಳಗೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್. ಬಿಐಎಸ್ ಕೇರ್ ಅಂತ ಸರ್ಕಾರದ ಆಪ್ ಉಂಟು, ಪುಕ್ಕಟೆ. ಅದರಲ್ಲಿ ಆ ನಂಬರ್ ಹಾಕಿದರೆ ಯಾವ ಫ್ಯಾಕ್ಟರಿ, ಯಾವ ಊರು, ಲೈಸೆನ್ಸ್ ಚಾಲ್ತಿ ಉಂಟಾ ಇಲ್ವಾ, ಎಲ್ಲ ಬರುತ್ತದೆ. ನಾನು ಗಿರಾಕಿ ಎದುರಿಗೇ ಹಾಕಿ ತೋರಿಸುತ್ತೇನೆ. ಹೆಚ್ಚಾಗಿ ಕೇರಳದ ಪೆರುಂಬಾವೂರು ಅಥವಾ ಹರಿಯಾಣದ ಯಮುನಾನಗರ ಅಂತ ಬರುತ್ತದೆ. ಒಮ್ಮೆ ಒಂದು ಹಾಳೆಯ ನಂಬರ್ ಹಾಕಿದಾಗ ಲೈಸೆನ್ಸ್ ರದ್ದಾಗಿದೆ ಅಂತ ಬಂತು. ಇಡೀ ಲೋಡ್ ವಾಪಸ್ ಕಳಿಸಿದೆ.

ಪಡುಬಿದ್ರಿ ಅಮ್ಮ

ಆಚಾರ್ರೇ, ಸಿದ್ಧ ವಾರ್ಡ್‌ರೋಬಿನಲ್ಲಿ ಆ ಗುರುತು ಕಾಣಬೇಕಲ್ಲ? ಮೇಲೆ ಮೈಕಾ ಅಂಟಿಸಿಬಿಡುತ್ತಾರೆ.

ಕಾರ್ಕಳದ ಆಚಾರಿ

ಕಾಣುವುದಿಲ್ಲ ಅಮ್ಮ, ನಿಜ. ಅದಕ್ಕೇ ಹಿಂಜಿಗೆ ತೂತು ಕೊರೆದ ಜಾಗ, ಹಿಂದಿನ ಹಲಗೆಯ ಅಂಚು, ಡ್ರಾವರಿನ ಅಡಿ ನೋಡಬೇಕು. ತೂತಿನ ಒಳಗೆ ಪದರ ಪದರ ಕಂಡರೆ ಪ್ಲೈ. ಹೊಟ್ಟು ಒತ್ತಿದ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್. ನುಣ್ಣಗೆ ರಟ್ಟಿನ ಹಾಗೆ ಕಂಡರೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಶೋರೂಮಿನವರು ಎಲ್ಲಕ್ಕೂ "ಎಂಜಿನಿಯರ್ಡ್ ವುಡ್" ಅನ್ನುತ್ತಾರೆ. ಆ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಕುಂದಾಪ್ರ ಗಂಡ್

ಎಂತ ಮಾರಾಯ್ರೆ, ಡ್ರಾವರ್ ಬಿಚ್ಚಿ ಕಾಂಬುಕೆ ಶೋರೂಮಿನವ್ರು ಬಿಡ್ತ್ರಾ?

ಕಾರ್ಕಳದ ಆಚಾರಿ

ಬಿಡಬೇಕು. ಅರ್ಧ ಲಕ್ಷ ಕೊಡುವವರಿಗೆ ಡ್ರಾವರ್ ತೆಗೆದು ತೋರಿಸದಿದ್ದರೆ ಅಲ್ಲಿಂದ ಹೊರಡಿ.

ಪಣಂಬೂರು ಕ್ಲಿಯರಿಂಗ್

ನಾನು ಆಮದು-ರಫ್ತಿನ ಕ್ಲಿಯರಿಂಗ್ ಕೆಲಸದಲ್ಲಿ ಇದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಜನ ಮೋಸ ಹೋಗುವುದು ಒಂದೇ ಶಬ್ದದಲ್ಲಿ.

ಬ್ರ್ಯಾಂಡ್ ಎಲ್ಲಿಯದು, ಡಿಸೈನ್ ಎಲ್ಲಿಯದು, ತಯಾರಾದದ್ದು ಎಲ್ಲಿ, ಆಮದು ಮಾಡಿದವರು ಯಾರು. ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಅಂಗಡಿಯವರು ಮೊದಲ ಎರಡಕ್ಕೆ ಉತ್ತರ ಕೊಟ್ಟು ಮೂರನೆಯದಕ್ಕೂ ಹೇಳಿದ ಹಾಗೆ ಮಾಡುತ್ತಾರೆ. ನೀವು ಕೇಳಬೇಕಾದದ್ದು ಮೂರನೆಯದು ಮಾತ್ರ.

ಹೊರದೇಶದಿಂದ ಬರುವ ಪ್ರತಿ ಕಂಟೇನರಿಗೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸಿಗೆ ಕೊಡುವ ಆಮದಿನ ವಿವರ ಪತ್ರ, ಹಾಕಬೇಕು. ಕುರ್ಚಿ, ಸೋಫಾ ಕಸ್ಟಮ್ಸ್ ಕೋಡ್ 9401ರಲ್ಲಿ ಬರುತ್ತವೆ. ಮೇಜು, ಮಂಚ, ಕಪಾಟು 9403ರಲ್ಲಿ. ಮೂಲ ದೇಶದ ಹೆಸರನ್ನು ಅದರಲ್ಲಿ ಬರೆಯಲೇಬೇಕು. ಮಲೇಷ್ಯಾ, ವಿಯೆಟ್ನಾಂ ಮುಂತಾದ ಆಸಿಯಾನ್ ದೇಶಗಳ ಜೊತೆ ನಮಗೆ 2010ರಿಂದ ವ್ಯಾಪಾರ ಒಪ್ಪಂದ ಉಂಟು. ಸುಂಕ ಕಡಿಮೆ ಬೇಕಾದರೆ ಆಮದುದಾರ ಅಲ್ಲಿಂದ ಮೂಲದ ಸರ್ಟಿಫಿಕೇಟ್ ತರಿಸಬೇಕು. ಸಾಮಾನ್ಯ ನಿಯಮದ ಪ್ರಕಾರ ಬೆಲೆಯ ಕನಿಷ್ಠ ಶೇಕಡಾ 35 ಆಸಿಯಾನ್ ದೇಶಗಳಲ್ಲೇ ಸೇರಿರಬೇಕು. 2020ರ ಸೆಪ್ಟೆಂಬರಿನಿಂದ ಕಸ್ಟಮ್ಸ್ ನಿಯಮ ಇನ್ನೂ ಬಿಗಿ. ಸರ್ಟಿಫಿಕೇಟ್ ಇದ್ದರೆ ಸಾಲದು, ಅದು ಹೇಗೆ ಅಲ್ಲಿಯದೇ ಅಂತ ತೋರಿಸುವ ವಿವರವೂ ಆಮದುದಾರನ ಕೈಯಲ್ಲಿ ಇರಬೇಕು. ಹಾಗಾಗಿ "ನಮಗೆ ಗೊತ್ತಿಲ್ಲ" ಅಂತ ಆಮದುದಾರ ಹೇಳಿದರೆ ನಾನು ಒಪ್ಪುವುದಿಲ್ಲ. ಅಂಗಡಿಯ ಹುಡುಗನಿಗೆ ಗೊತ್ತಿಲ್ಲದೆ ಇರಬಹುದು.

ರಬ್ಬರ್ ಮರದ ಊಟದ ಮೇಜು ಅಂದರೆ ನನಗೆ ಮೊದಲು ನೆನಪಾಗುವುದು ಮಲೇಷ್ಯಾದ ಜೊಹೋರ್ ರಾಜ್ಯದ ಮುವಾರ್. ಊರಿಗೆ ಊರೇ ಫರ್ನಿಚರ್. ಚೀನಾದಲ್ಲಿ ಫೋಶಾನ್ ಹಾಗೆ. ನಮ್ಮ ದೇಶದೊಳಗೆ ಶೀಶಮ್, ಮಾವಿನ ಮರದ ಕೆತ್ತನೆ ಸಾಮಾನಿಗೆ ಜೋಧ್‌ಪುರ.

ಈಗ ನಿಮಗೆ ಬೇಕಾದ ಮಾತು. ಶೋರೂಮಿನಲ್ಲಿ ನಿಲ್ಲಿಸಿದ ಮೇಜಿನ ಮೇಲೆ ಏನೂ ಇಲ್ಲದಿರಬಹುದು. ಡಬ್ಬ ನೋಡಿ. ಪ್ಯಾಕ್ ಮಾಡಿ ಮಾರುವ ಸಾಮಾನಿಗೆ 2011ರ ಕಾನೂನು ಮಾಪನ ನಿಯಮ ಉಂಟು, ನಮ್ಮವರು ತೂಕ ಅಳತೆ ಇಲಾಖೆ ಅನ್ನುತ್ತಾರಲ್ಲ, ಅವರದ್ದು. ಡಬ್ಬದ ಮೇಲೆ ತಯಾರಕರ ಹೆಸರು, ವಿಳಾಸ ಇರಬೇಕು. ಆಮದಾದರೆ ಆಮದುದಾರರ ವಿಳಾಸ, ಮೂಲ ದೇಶದ ಹೆಸರು ಇರಬೇಕು. ತಿಂಗಳು, ವರ್ಷ, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇರಬೇಕು. "ಮಾರ್ಕೆಟೆಡ್ ಬೈ" ಒಂದೇ ಸಾಲದು. ಮೇಜು ಗೋಡೌನಿನಲ್ಲಿ ಬಿಚ್ಚದ ಡಬ್ಬದಲ್ಲಿ ಇರುತ್ತದೆ. ಅಲ್ಲಿಗೆ ಹೋಗಿ ಲೇಬಲಿನ ಫೋಟೊ ತೆಗೆಯಿರಿ. ಬಾಕಿ ದುಡ್ಡು ಕೊಡುವುದು ಆಮೇಲೆ.

ಬಿಜೈ ಮನೆ

ಅಬ್ಬ, ತುಂಬಾ ಉಪಕಾರ ಆಯಿತು. ಡಬ್ಬ ನೋಡಬೇಕು ಅಂತ ಹೊಳೆದಿರಲೇ ಇಲ್ಲ. ನಾಳೆ ಫೋನ್ ಮಾಡಿ ಗೋಡೌನ್ ಎಲ್ಲಿ ಅಂತ ಕೇಳುತ್ತೇನೆ.

ಕಂಕನಾಡಿ ಹುಡುಗ

ಎಲ್ಲ ಸರಿ, ಆದರೂ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮಲೇಷ್ಯಾದ್ದು ಅಂತ ಗೊತ್ತಾಯಿತು ಅಂದುಕೊಳ್ಳಿ. ಆಮೇಲೆ? ಮೇಜು ಅದೇ ಮೇಜು ಅಲ್ವಾ?

ಸುರತ್ಕಲ್ ಮೇಷ್ಟ್ರು

ಮೇಜು ಅದೇ ತಮ್ಮ, ಬೆಲೆ ಅದೇ ಅಲ್ಲ. ಇಟಲಿ ಅಂತ ಹೇಳಿ ಇಟಲಿಯ ಬೆಲೆ ತೆಗೆದುಕೊಂಡರೆ ಅದು ಸುಳ್ಳು ಹೇಳಿ ಮಾರಿದ ಹಾಗೆ. ಮಲೇಷ್ಯಾದ್ದು ಅಂತ ಹೇಳಿ ಮಲೇಷ್ಯಾದ ಬೆಲೆಗೆ ಕೊಟ್ಟರೆ ಯಾರಿಗೂ ತಕರಾರು ಇಲ್ಲ.

ಪಡುಬಿದ್ರಿ ಅಮ್ಮ

ಬೆಲೆ ಮಾತ್ರ ಅಲ್ಲ. ನಮ್ಮ ಮಗನ ಮದುವೆಗೆ ಒಂದು ಮಂಚ ತಂದಿದ್ದೆವು. ಅದೂ ವಿದೇಶಿ ಹೆಸರಿನದ್ದು. ಮಂಚ ಎತ್ತುವ ಪಂಪಿನಂಥದ್ದು ಎರಡನೇ ವರ್ಷ ಕೆಟ್ಟಿತು. ಅಂಗಡಿಯವರು ಕಂಪನಿಗೆ ಹೇಳಿ ಅಂದರು. ಕಂಪನಿಯವರು ಸಾಮಾನು ಹೊರಗಿಂದ ಬರಬೇಕು ಅಂದರು. ಎಲ್ಲಿಂದ ಅಂತ ಕೊನೆಗೂ ಹೇಳಲಿಲ್ಲ. ಐದು ತಿಂಗಳು ಕಾದೆವು. ಕೊನೆಗೆ ಬಿ.ಸಿ.ರೋಡಿನ ಒಬ್ಬ ವೆಲ್ಡಿಂಗಿನವನು ಅಳತೆ ಹುಡುಕಿ ಹಾಕಿಕೊಟ್ಟ. ಮಾಡಿದವರು ಯಾರು ಅಂತ ಗೊತ್ತಿದ್ದಿದ್ದರೆ ನೇರ ಅವರಿಗೇ ಬರೆಯಬಹುದಿತ್ತು.

ಕಂಕನಾಡಿ ಹುಡುಗ

ಹ್ಮ್. ಬಿಡಿಭಾಗದ ವಿಷಯ ನಾನು ಯೋಚಿಸಿರಲಿಲ್ಲ. ಇದು ಒಪ್ಪುತ್ತೇನೆ.

ಮಲ್ಪೆ ಗಾಳಿ

ನಮ್ಮ ಕಡೆಗೆ ಇನ್ನೊಂದು ಕಾರಣ ಉಂಟು. ಮಳೆಗಾಲ. ಒಣ ಊರಿಗೆ ಅಂತ ಮಾಡಿದ ಪಾರ್ಟಿಕಲ್ ಬೋರ್ಡ್ ಇಲ್ಲಿ ಎರಡು ಆಟಿ (ಜೋರು ಮಳೆಯ ತುಳು ತಿಂಗಳು) ದಾಟುವುದಿಲ್ಲ. ಕಾಲಿನ ಹತ್ತಿರ ನೀರು ಕುಡಿದು ಉಬ್ಬುತ್ತದೆ. ಮತ್ತೆ ಹಿಂಜಿನ ಸ್ಕ್ರೂ ಹಿಡಿಯುವುದಿಲ್ಲ. ಒಳಗಿನ ಬಟ್ಟೆಗೆ ಬೂಷ್ಟು. ನಮ್ಮ ಮನೆಗೂ ಸಮುದ್ರಕ್ಕೂ 300 ಮೀಟರ್. ಈಗ ಎಲ್ಲ ಸ್ಟೀಲ್, ಇಲ್ಲವೇ ಹಲಸು.

ಉಪ್ಪಿನಂಗಡಿ ತೋಟ

ಹಲಸಿನ ಮರ ಬಿಟ್ಟು ನಮ್ಮವರು ಮಲೇಷ್ಯಾದ ರಬ್ಬರ್ ಮರಕ್ಕೆ ಯಾಕೆ ಓಡುತ್ತಾರೆ ಅಂತ ನನಗೆ ಅರ್ಥ ಆಗುವುದಿಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯಲ್ಲಿ ರಬ್ಬರ್ ತೋಟ ಬೇಕಾದಷ್ಟು ಉಂಟು. ಹಾಲು ಕಡಿಮೆ ಆದ ಮೇಲೆ, 25-30 ವರ್ಷಕ್ಕೆ ಕಡಿದು ಲಾರಿಗೆ ತುಂಬುತ್ತೇವೆ. ಅದನ್ನು ಇಲ್ಲೇ ಮೇಜು ಮಾಡಬಹುದಲ್ಲ?

ಕಾರ್ಕಳದ ಆಚಾರಿ

ಅಣ್ಣ, ರಬ್ಬರ್ ಮರ ಹಸಿಯಾಗಿ ಬಳಸಿದರೆ ಬೇಗ ಕುಟ್ಟೆ ಹಿಡಿಯುತ್ತದೆ. ಕಡಿದು ಕೆಲವೇ ದಿನದೊಳಗೆ ಸೀಳಿ, ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣವನ್ನು ಒತ್ತಡ ಹಾಕಿ ಮರದೊಳಗೆ ಇಳಿಸಬೇಕು. ಆಮೇಲೆ ಬಿಸಿ ಮಾಡಿದ ಗೂಡಿನಲ್ಲಿ ಒಣಗಿಸಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕು. ನನ್ನಂಥ ಸಣ್ಣ ಕೆಲಸದವನಿಗೆ ಆಗುವ ಮಾತಲ್ಲ. ಸರಿಯಾಗಿ ಮಾಡಿದ ರಬ್ಬರ್ ಮರ ಒಳ್ಳೆಯ ಮರವೇ. ನಾನು ಅದನ್ನು ಕೀಳು ಅಂತ ಹೇಳುವುದಿಲ್ಲ.

ಬೆಂಗಳೂರಿನ ಉಡುಪಿಯವ

ಬೆಂಗಳೂರು ನಾಗಸಂದ್ರದ ಐಕಿಯಾ ಫರ್ನಿಚರ್ ಅಂಗಡಿಗೆ ಹೋದವರು ಲೇಬಲ್ ಓದಿ ನೋಡಿ. 2022ರ ಜೂನಿನಲ್ಲಿ ಶುರುವಾದ ಅಂಗಡಿ, ಮೆಟ್ರೋ ಪಕ್ಕದಲ್ಲೇ. ಅಲ್ಲಿ "ಡಿಸೈನ್ ಅಂಡ್ ಕ್ವಾಲಿಟಿ, ಐಕಿಯಾ ಆಫ್ ಸ್ವೀಡನ್" ಅಂತ ಇರುತ್ತದೆ. ತುಂಬಾ ಜನ ಅದನ್ನು ಓದಿ ಸ್ವೀಡನ್‌ನಲ್ಲಿ ಮಾಡಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಅದೇ ಲೇಬಲಿನಲ್ಲಿ "ಮೇಡ್ ಇನ್" ಅಂತ ಬೇರೆಯೇ ಸಾಲು ಇರುತ್ತದೆ. ಒಂದಕ್ಕೆ ಪೋಲೆಂಡ್, ಒಂದಕ್ಕೆ ಚೀನಾ, ಒಂದಕ್ಕೆ ಇಂಡಿಯಾ. ಜೊತೆಗೆ ಐದು ಅಂಕಿಯ ಪೂರೈಕೆದಾರರ ನಂಬರ್, ನಾಲ್ಕು ಅಂಕಿಯ ತಾರೀಕು. ತಾರೀಕಿನ ಮೊದಲ ಎರಡು ಅಂಕಿ ವರ್ಷ, ಉಳಿದ ಎರಡು ವಾರ. 2314 ಅಂದರೆ 2023ರ 14ನೇ ವಾರ. ತಪ್ಪು ಬಿಡಿಭಾಗ ಬಂದಿದೆ ಅಂತ ದೂರು ಕೊಟ್ಟಾಗ ನನ್ನ ಹತ್ತಿರ ಇದೇ ನಂಬರ್ ಕೇಳಿದರು, ಎರಡನೇ ವಾರ ಭಾಗ ಬಂತು.

ಅವರ ಬಿಲ್ಲಿ ಅನ್ನುವ ಪುಸ್ತಕದ ಶೆಲ್ಫ್ 1979ರದ್ದು. ಅದನ್ನು ಬಹುಕಾಲದಿಂದ ಸ್ವೀಡನ್‌ನ ಒಂದು ಸಣ್ಣ ಊರಿನಲ್ಲೇ ಮಾಡುತ್ತಾರೆ. ಅದೇ ಬ್ರ್ಯಾಂಡಿನ ಇನ್ನೊಂದು ಸಾಮಾನು ಏಷ್ಯಾದ್ದು. ಒಂದು ಬ್ರ್ಯಾಂಡಿಗೆ ಒಂದು ಊರು ಅಂತ ಇರುವುದೇ ಇಲ್ಲ. ಹಾಗಾಗಿ "ಈ ಬ್ರ್ಯಾಂಡ್ ಎಲ್ಲಿಯದು" ಅಂತ ಕೇಳಬೇಡಿ ಅಕ್ಕ. "ಈ ಮೇಜು ಎಲ್ಲಿಯದು" ಅಂತ ಕೇಳಿ.

ಮಣಿಪಾಲ ಟೆಕ್ಕಿ

ಹಿಂಜಿನ ಕಥೆಯೂ ಅದೇ ಅಲ್ವಾ? ಅಡುಗೆಮನೆ ಮಾಡಿಸುವಾಗ "ಜರ್ಮನ್ ಹಿಂಜ್" ಅಂತ ಹೇಳಿ ಹೆಟಿಚ್ ಹಾಕಿದರು. ಕಂಪನಿ ಜರ್ಮನಿಯದೇ. ಆದರೆ ಅವರಿಗೆ ಗುಜರಾತಿನ ವಡೋದರಾದಲ್ಲೇ ಫ್ಯಾಕ್ಟರಿ ಉಂಟು. ನನಗೆ ಅದರಿಂದ ಬೇಸರ ಇಲ್ಲ, ಹಿಂಜ್ ಚೆನ್ನಾಗಿಯೇ ಉಂಟು. "ಇಂಪೋರ್ಟೆಡ್" ಅಂತ ಹೇಳಿದ್ದು ಯಾಕೆ ಅಂತ ಮಾತ್ರ ಕೇಳಿದೆ.

ಜೆಪ್ಪು ಹಂಚು

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನಮ್ಮ ಹಳೆ ಮನೆಯ ಮಾಡು ಬಿಚ್ಚುವಾಗ ಹಂಚು ತಿರುಗಿಸಿ ನೋಡಿದೆ. ಬಾಸೆಲ್ ಮಿಶನ್, ಮಂಗಳೂರು, 1865 ಅಂತ ಅಚ್ಚು ಒತ್ತಿತ್ತು. 1865 ಅಂದರೆ ಜೆಪ್ಪುವಿನಲ್ಲಿ ಅವರು ಕಾರ್ಖಾನೆ ಶುರು ಮಾಡಿದ ವರ್ಷ. ಒಂದು ಹಂಚಿನ ಮೇಲೆ ಮಾಡಿದವರ ಹೆಸರು, ಊರು, ವರ್ಷ ಮೂರೂ ಉಂಟು. ನೂರು ವರ್ಷ ಮಳೆಗೆ ನಿಂತರೂ ಅಳಿಸಿಲ್ಲ. ಈಗ 64,000ದ ಮೇಜಿನ ಮೇಲೆ ಒಂದು ಊರಿನ ಹೆಸರು ಬರೆಯಲು ಇವರಿಗೆ ಏನು ಕಷ್ಟ?

ಸುರತ್ಕಲ್ ಮೇಷ್ಟ್ರು

ಆ ಹಂಚುಗಳನ್ನು ಬಿಸಾಡಬೇಡಿ. ದಯವಿಟ್ಟು.

ಜೆಪ್ಪು ಹಂಚು

ಇಲ್ಲ ಮೇಷ್ಟ್ರೇ, ಹಿತ್ತಿಲಿನಲ್ಲಿ ಅಟ್ಟಿ ಹಾಕಿ ಇಟ್ಟಿದ್ದೇನೆ. ಹೊಸ ಮನೆಯ ಚಾವಡಿಗೆ ಅದನ್ನೇ ಹಾಕುವುದು.

ಪಡುಬಿದ್ರಿ ಅಮ್ಮ

ಅಜ್ಜಿಯ ಗೋದ್ರೇಜ್ ಕಪಾಟು ನಮ್ಮಲ್ಲಿ ಇನ್ನೂ ಉಂಟು. ಬಾಗಿಲಿನ ಮೇಲೆ ಹೆಸರಿನ ಫಲಕ ಕೂಡ ಹಾಗೇ ಉಂಟು.

ಉಡುಪಿ ಲೆಕ್ಕಿಗ

ಆ ಕಂಪನಿ 1897ರಲ್ಲಿ ಬೀಗ ಮಾಡುತ್ತಾ ಶುರುವಾದದ್ದು. ಉಕ್ಕಿನ ಕಪಾಟು ಮಾಡಿದ್ದು 1923ರಲ್ಲಿ. ನಮ್ಮಲ್ಲಿ ಯಾವ ಸ್ಟೀಲ್ ಕಪಾಟಿಗೂ ಗೋದ್ರೇಜ್ ಅಂತಲೇ ಹೇಳುತ್ತಾರೆ, ಪಕ್ಕದ ವರ್ಕ್‌ಶಾಪಿನಲ್ಲಿ ಮಾಡಿದ್ದಕ್ಕೂ. ಹಳೆ ಸಾಮಾನು ಕೊಳ್ಳುವವರು ಫಲಕ ನೋಡಿಯೇ ಕೊಳ್ಳಿ.

ಉಪ್ಪಿನಂಗಡಿ ತೋಟ

ಬರ್ಮಾ ತೇಗದ ಬಗ್ಗೆಯೂ ಯಾರಾದರೂ ಹೇಳಿ. ಮೊನ್ನೆ ಒಬ್ಬರು ಬರ್ಮಾ ಅಂತ ಮಂಚ ತೋರಿಸಿದರು. ಹೊಸ ಮರ, ನಿನ್ನೆ ಸೀಳಿದ ಹಾಗೆ ಉಂಟು.

ಪಣಂಬೂರು ಕ್ಲಿಯರಿಂಗ್

2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ಇಡೀ ದಿಮ್ಮಿಯ ರಫ್ತು ನಿಲ್ಲಿಸಿದೆ. ಸೀಳಿದ ಮರ ಬರಬಹುದು. ನಮ್ಮ ದೇಶಕ್ಕೆ ತೇಗದ ದಿಮ್ಮಿ ಘಾನಾ, ಟಾಂಜಾನಿಯಾ, ಈಕ್ವೆಡಾರ್, ಪನಾಮಾ ಕಡೆಯಿಂದ ಬರುತ್ತದೆ. ಅದೂ ತೇಗವೇ, ತೋಟದಲ್ಲಿ ಬೆಳೆಸಿದ್ದು. ದಿಮ್ಮಿ ತೋರಿಸಿ "ಬರ್ಮಾ, ಈಗ ಬಂತು" ಅಂದರೆ ಕಾಗದ ಕೇಳಿ.

ಕಾರ್ಕಳದ ಆಚಾರಿ

ಹೌದು. ಗೆರೆ ಅಗಲ ಅಗಲ ಇದ್ದರೆ ಬೇಗ ಬೆಳೆದ ಮರ. ನಮ್ಮ ದಾಂಡೇಲಿ ತೇಗ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ, ಗೆರೆ ಒತ್ತಾಗಿ ಇರುತ್ತದೆ.

ಕದ್ರಿ ವಕೀಲೆ

ಮರದಿಂದ ಡಬ್ಬಕ್ಕೆ ವಾಪಸ್ ಬರೋಣ. ಬಿಜೈ ಅಕ್ಕ, ಎಲ್ಲ ಬರವಣಿಗೆಯಲ್ಲಿ ಇರಲಿ. "ಈ ಮೇಜು ತಯಾರಾದ ದೇಶ ಯಾವುದು, ಮರ ಯಾವುದು?" ಅಂತ ಅಂಗಡಿಯವರಿಗೆ ವಾಟ್ಸಾಪ್ ಮಾಡಿ. ಉತ್ತರ ಬಂದರೆ ಸ್ಕ್ರೀನ್‌ಶಾಟ್ ಇಡಿ. ಬಿಲ್ಲಿನಲ್ಲಿ "ಡೈನಿಂಗ್ ಸೆಟ್" ಅಂತ ಮಾತ್ರ ಬರೆಸಬೇಡಿ, ಮಾಡೆಲ್ ನಂಬರ್, ಮರ, ದೇಶ ಬರೆಸಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ವಿವರ ಹೇಳಿ ಮಾರುವುದು ತಪ್ಪು ವ್ಯಾಪಾರ ಪದ್ಧತಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಂಗಳೂರಿನಲ್ಲೂ ಉಂಟು, ಉಡುಪಿಯಲ್ಲೂ ಉಂಟು. ಕಂಪನಿ ಬೆಂಗಳೂರಿನದ್ದಾದರೂ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ.

ಆನ್‌ಲೈನಿನಲ್ಲಿ ಕೊಳ್ಳುವವರಿಗೂ ಒಂದು ಮಾತು. ಆಮದು ಸಾಮಾನಿನ ಮೂಲ ದೇಶವನ್ನು ಮಾರಾಟದ ಪುಟದಲ್ಲೇ ತೋರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ಕೊಳ್ಳುವ ದಿನವೇ ಫೋಟೊ ತೆಗೆದಿಡಿ, ಆಮೇಲೆ ಪುಟ ಬದಲಾಗಬಹುದು.

ಕುಂದಾಪ್ರ ಗಂಡ್

ಅಂಗಡಿಯವ್ರ್ ವಾಟ್ಸಾಪಿಗೆ ಉತ್ತರ ಕೊಡ್ದಿರೆ?

ಕದ್ರಿ ವಕೀಲೆ

ಕೊಡದಿದ್ದರೂ ನೀವು ಕೇಳಿದ್ದು ದಾಖಲೆ ಆಯಿತು. ದುಡ್ಡು ಕೊಡುವ ಮೊದಲೇ ಕೇಳಿದ್ದರು ಅನ್ನುವುದಕ್ಕೆ ಬೆಲೆ ಉಂಟು.

ಬಿಜೈ ಮನೆ

ಬುಧವಾರ ಬೈಕಂಪಾಡಿ ಕಡೆಯ ಅವರ ಗೋಡೌನಿಗೆ ಹೋಗಿ ಬಂದೆ. ನನ್ನ ಜೊತೆ ಮಾವ ಬಂದಿದ್ದರು. ಮೊದಲು ಮ್ಯಾನೇಜರ್ "ಅಲ್ಲಿಗೆ ಗಿರಾಕಿಗಳನ್ನು ಬಿಡುವುದಿಲ್ಲ" ಅಂದರು. ಡಬ್ಬದ ಲೇಬಲ್ ನೋಡದೆ ಬಾಕಿ ಕೊಡುವುದಿಲ್ಲ ಅಂತ ಶಾಂತವಾಗಿಯೇ ಹೇಳಿದೆ. ಆಮೇಲೆ ಅವರೇ ಕರೆದುಕೊಂಡು ಹೋದರು.

ಮೇಜಿನ ಡಬ್ಬ ಮೂರು. ಮೂರರ ಮೇಲೂ ಲೇಬಲ್ ಉಂಟು. ಮೂಲ ದೇಶ ಮಲೇಷ್ಯಾ. ತಯಾರಕರ ವಿಳಾಸದಲ್ಲಿ ಮುವಾರ್, ಜೊಹೋರ್ ಅಂತ ಬರೆದಿತ್ತು! ಕ್ಲಿಯರಿಂಗ್ ಅಣ್ಣ, ನೀವು ಹೇಳಿದ್ದೇ ಊರು. ಆಮದುದಾರರು ಚೆನ್ನೈಯವರು. ಇಟಲಿ ಎಲ್ಲೂ ಇಲ್ಲ.

ಇನ್ನೊಂದು ಕಂಡದ್ದು ಎಂಆರ್‌ಪಿ. ಶೋರೂಮಿನ ಚೀಟಿಯಲ್ಲಿ 92,000 ಹೊಡೆದು 64,000 ಅಂತ ಬರೆದಿದ್ದರು. ಮೂರು ಡಬ್ಬಕ್ಕೂ ಸೇರಿ ಲೇಬಲಿನಲ್ಲಿ ಇದ್ದದ್ದು 61,500. ಅಂದರೆ ರಿಯಾಯಿತಿ ಅಂತ ಹೇಳಿದ ಬೆಲೆಯೇ ಎಂಆರ್‌ಪಿಗಿಂತ 2,500 ಜಾಸ್ತಿ. ಮಾವ ಅಲ್ಲೇ ಫೋಟೊ ತೆಗೆದರು. ಮ್ಯಾನೇಜರ್ ಮುಖ ಸಣ್ಣದಾಯಿತು.

ವಾರ್ಡ್‌ರೋಬ್ ತಮಿಳುನಾಡಿನ ಫ್ಯಾಕ್ಟರಿಯದ್ದು. ಆಚಾರ್ರು ಹೇಳಿದ ಹಾಗೆ ಹಿಂಜಿನ ತೂತಿನಲ್ಲಿ ಟಾರ್ಚ್ ಹಾಕಿ ನೋಡಿದೆ. ಹೊಟ್ಟು. ಪಾರ್ಟಿಕಲ್ ಬೋರ್ಡ್.

ಸುರತ್ಕಲ್ ಮೇಷ್ಟ್ರು

ಶಾಭಾಸ್. ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವುದು ಬೇರೆಯೇ ತಪ್ಪು. ತೂಕ ಅಳತೆ ಇಲಾಖೆಗೆ ಬರೆಯಿರಿ.

ಕಂಕನಾಡಿ ಹುಡುಗ

ಅಕ್ಕ, ಒಪ್ಪಿದೆ. ಕೇಳಿದ್ದು ಒಳ್ಳೆಯದೇ ಆಯಿತು. ಈಗ ಏನು ಮಾಡುತ್ತೀರಿ? ಬೇಡ ಅಂತೀರಾ?

ಉಪ್ಪಿನಂಗಡಿ ತೋಟ

ಬೇಡ ಅನ್ನಿ. ಸುಳ್ಳು ಹೇಳಿದವರ ಹತ್ತಿರ ಯಾಕೆ ಕೊಳ್ಳಬೇಕು?

ಕಾರ್ಕಳದ ಆಚಾರಿ

ಮೇಜನ್ನು ಬಿಡಬೇಡಿ ಅಂತ ನನ್ನ ಅಭಿಪ್ರಾಯ. ಮುವಾರಿನ ಒಣಗಿಸಿದ ರಬ್ಬರ್ ಮರ ಊಟದ ಮೇಜಿಗೆ ಸಾಕು. ಬೆಲೆ ಮಾತಾಡಿ. ವಾರ್ಡ್‌ರೋಬ್ ಮಾತ್ರ ಬೇಡ, ಹೊರಗೋಡೆಗೆ ತಾಗಿಸಿ ಇಡುವುದಾದರೆ ಖಂಡಿತ ಬೇಡ.

ಮಲ್ಪೆ ಗಾಳಿ

ಆಚಾರ್ರ ಮಾತಿಗೆ ನನ್ನದೂ ಒಂದು ಕೈ.

ಬಿಜೈ ಮನೆ

ಉಪ್ಪಿನಂಗಡಿ ಅಣ್ಣ, ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಅಮ್ಮ ಆ ಮೇಜಿನ ಎದುರು ಕೂತು ಕೈ ಸವರಿದ್ದು ಮರೆಯಲು ಆಗಲಿಲ್ಲ. ನಿನ್ನೆ ಮಾತಾಡಿದೆವು. 53,000ಕ್ಕೆ ಕೊಟ್ಟರು. ಬಿಲ್ಲಿನಲ್ಲಿ "ರಬ್ಬರ್ ಮರ, ಮೂಲ ದೇಶ ಮಲೇಷ್ಯಾ" ಅಂತ ಬರೆಸಿದೆ. ಬರೆಯಲು ಸ್ವಲ್ಪ ಹಿಂದೆ ಮುಂದೆ ನೋಡಿದರು, ಆಮೇಲೆ ಬರೆದರು. ವಾರ್ಡ್‌ರೋಬ್ ಬೇಡ ಅಂದೆ. ಕೊಟ್ಟ ಅಡ್ವಾನ್ಸನ್ನು ಪೂರ್ತಿಯಾಗಿ ಮೇಜಿನ ಬೆಲೆಗೆ ಹಿಡಿದುಕೊಂಡರು. ಚೀಟಿಯ ಬೆಲೆಯ ಬಗ್ಗೆ ಇಲಾಖೆಗೆ ಒಂದು ಪತ್ರ ಬರೆದಿದ್ದೇನೆ, ಫೋಟೊ ಸಮೇತ. ನಾಳೆ ಇನ್ನೊಬ್ಬರು ಹೋಗುತ್ತಾರಲ್ಲ ಅಲ್ಲಿಗೆ.

ಆಚಾರ್ರೇ, ವಾರ್ಡ್‌ರೋಬ್ ನೀವೇ ಮಾಡಿಕೊಡುತ್ತೀರಾ? ಮಂಗಳೂರಿಗೆ ಬರುತ್ತೀರಾ?

ಕಾರ್ಕಳದ ಆಚಾರಿ

ಬರುತ್ತೇನೆ ಅಕ್ಕ. ಐಎಸ್ 710ರ ಪ್ಲೈ ಹಾಕುವ, ಅದು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಡೆಯುವ ಪ್ಲೈ. ಮೈಕಾ ಅಂಟಿಸುವ ಮೊದಲು ಹಾಳೆಯ ಮೇಲಿನ ಸಿಎಂ/ಎಲ್ ನಂಬರಿನ ಫೋಟೊ ನೀವೇ ತೆಗೆದುಕೊಳ್ಳಿ. ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸುವ. ಅಳತೆಗೆ ಬರುವ ದಿನ ಮೆಸೇಜ್ ಮಾಡುತ್ತೇನೆ.

ಪಡುಬಿದ್ರಿ ಅಮ್ಮ

ಆಚಾರ್ರೇ, ಬಿಜೈಗೆ ಹೋಗುವ ದಾರಿಯಲ್ಲಿ ಪಡುಬಿದ್ರಿಗೂ ಬನ್ನಿ. ನನ್ನ ಸೊಸೆಗೆ ಒಂದು ಪುಸ್ತಕದ ಕಪಾಟು ಬೇಕು.

ಬಿಜೈ ಮನೆ

ಮೇಜು ಇವತ್ತು ಮನೆಗೆ ಬಂತು. ಡಬ್ಬದ ಲೇಬಲ್ ಕತ್ತರಿಸಿ ಬಿಲ್ಲಿನ ಜೊತೆ ಕವರಿನಲ್ಲಿ ಇಟ್ಟೆ. ಅಪ್ಪ ಭೂಪಟ ತೆಗೆದು ಮುವಾರ್ ಎಲ್ಲಿ ಉಂಟು ಅಂತ ಹುಡುಕುತ್ತಾ ಕೂತಿದ್ದಾರೆ.

ಕಾರ್ಕಳದ ಆಚಾರಿ

ಮೇಜಿನ ಕಾಲಿನ ಅಡಿಗೆ ರಬ್ಬರ್ ಬುಷ್ ಹಾಕಿ ಅಕ್ಕ. ನೆಲ ಒರೆಸುವ ನೀರು ಮೇಲೆ ಏರಬಾರದು.